ವಯಸ್ಸಾದ ಪುಟ್ಟ ನಾಯಿಯ ಬಾಯಿ ನಾರುವುದು ಮುಪ್ಪಿನ ಸಹಜ ಲಕ್ಷಣವೇ?

ಹತ್ತು ಹನ್ನೆರಡು ವರ್ಷದ ಪುಟ್ಟ ನಾಯಿ ಇರುವ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: “ಮುಖದ ಹತ್ತಿರ ಬಿಟ್ಕೋಬೇಡಿ, ಬಾಯಿ ನಾರುತ್ತೆ. ವಯಸ್ಸಾಯ್ತಲ್ಲ, ಪಾಪ.” ಇಷ್ಟು ವರ್ಷ ಹಾಸಿಗೆಯ ಮೇಲೆ ಮಲಗುತ್ತಿದ್ದ ನಾಯಿ ಮೊದಲು ಹಾಲ್‌ಗೆ, ಆಮೇಲೆ ಬಾಲ್ಕನಿಗೆ ಹೋಗುತ್ತದೆ. ಮನೆಯವರಿಗೆ ಅದರ ಮೇಲೆ ಪ್ರೀತಿ ಕಡಿಮೆಯಾಗಿಲ್ಲ, ವಾಸನೆಗೆ ಏನೂ ಮಾಡಲಾಗದು ಎಂದು ನಂಬಿದ್ದಾರೆ ಅಷ್ಟೆ.

ಆ ನಂಬಿಕೆ ತಪ್ಪು. ವಯಸ್ಸಾದ ಮಾತ್ರಕ್ಕೆ ನಾಯಿಯ ಬಾಯಿ ನಾರುವುದಿಲ್ಲ. ಅದರ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ, ಬಹಳಷ್ಟು ಸಲ ಆ ಕಾರಣ ನೋವು ಕೊಡುವಂಥದ್ದು. ಈ ವಾಸನೆ ಎಲ್ಲಿಂದ ಬರುತ್ತದೆ, ಪುಟ್ಟ ನಾಯಿಗಳಲ್ಲೇ ಏಕೆ ಹೆಚ್ಚು, ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ನೋಡೋಣ. ಹಾಗೆಯೇ ಬಹಳ ಮಂದಿಯನ್ನು ಕಾಡುವ “ಈ ವಯಸ್ಸಿನಲ್ಲಿ ಅರಿವಳಿಕೆ ಕೊಡಿಸಬಹುದೇ?” ಎಂಬ ಪ್ರಶ್ನೆಯನ್ನೂ ಕೈಗೆತ್ತಿಕೊಳ್ಳೋಣ.

ವಾಸನೆ ಹುಟ್ಟುವುದು ಎಲ್ಲಿ?

ಊಟವಾದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಅಂಟು ಪದರವೊಂದು ಕೂರುತ್ತದೆ. ಇದು ಬ್ಯಾಕ್ಟೀರಿಯಾಗಳು ಒಟ್ಟುಗೂಡಿ ಕಟ್ಟಿಕೊಳ್ಳುವ ಪದರ. ವೈದ್ಯರು ಇದನ್ನು ಪ್ಲಾಕ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಹಲ್ಲಿನ ಪಾಚಿ. ಈ ಹಂತದಲ್ಲಿ ಬಟ್ಟೆಯಿಂದ ಉಜ್ಜಿದರೂ ಹೋಗುತ್ತದೆ. ಎರಡು ಮೂರು ದಿನ ಹಾಗೇ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಲವಣಗಳು ಅದರೊಳಗೆ ಸೇರಿ ಪದರ ಗಟ್ಟಿಯಾಗುತ್ತದೆ. ಹಳದಿ, ಕಂದು ಬಣ್ಣದ ಈ ಗಟ್ಟಿ ಪದರವೇ ಟಾರ್ಟರ್. ಆಮೇಲೆ ಬ್ರಷ್ ಎಷ್ಟು ತಿಕ್ಕಿದರೂ ಅದು ಬರುವುದಿಲ್ಲ.

ನಾಯಿಯ ಜೊಲ್ಲು ಮನುಷ್ಯರ ಜೊಲ್ಲಿಗಿಂತ ಹೆಚ್ಚು ಕ್ಷಾರೀಯ. ಇದರಿಂದ ನಾಯಿಗಳಿಗೆ ನಮ್ಮಂತೆ ಹುಳುಕು ಹಲ್ಲು ಬರುವುದು ಕಡಿಮೆ, ಆದರೆ ಟಾರ್ಟರ್ ಕಟ್ಟುವುದು ಬೇಗ. ಬ್ಯಾಕ್ಟೀರಿಯಾಗಳು ಹಲ್ಲಿಗೂ ಒಸಡಿಗೂ ನಡುವಿನ ಸಂದಿಗೆ ಇಳಿಯುತ್ತಿದ್ದಂತೆ ಒಸಡು ಕೆಂಪಾಗಿ ಊದುತ್ತದೆ. ಸಂದಿ ಆಳವಾಗುತ್ತದೆ. ಗಾಳಿಯಾಡದ ಆ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟನ್‌ನಂತಹ ಗಂಧಕದ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆ, ಕೊಳೆತ ಕೋಸಿನಂತಹ ವಾಸನೆ ಅದರದ್ದೇ.

ಅಂದರೆ ವಾಸನೆ ಬರುವುದು ಹೆಚ್ಚಾಗಿ ಒಸಡಿನ ಕೆಳಗಿನಿಂದ, ಕಣ್ಣಿಗೆ ಕಾಣುವ ಹಲ್ಲಿನಿಂದ ಅಲ್ಲ. ಈ ಸೋಂಕು ಹಲ್ಲನ್ನು ಹಿಡಿದಿಡುವ ಮೂಳೆಯನ್ನೂ ಕರಗಿಸುತ್ತಾ ಹೋಗುತ್ತದೆ. ಮೂರು ವರ್ಷ ದಾಟುವಷ್ಟರಲ್ಲಿ ಬಹುಪಾಲು ನಾಯಿಗಳಲ್ಲಿ ಇದು ಒಂದಲ್ಲ ಒಂದು ಮಟ್ಟದಲ್ಲಿ ಶುರುವಾಗಿರುತ್ತದೆ. ಹತ್ತನೇ ವರ್ಷದಲ್ಲಿ ನಮ್ಮ ಮೂಗಿಗೆ ಬಡಿಯುವ ವಾಸನೆಗೆ ಏಳೆಂಟು ವರ್ಷದ ಇತಿಹಾಸ ಇರಬಹುದು. ವಯಸ್ಸಿಗೂ ವಾಸನೆಗೂ ಇರುವ ನಂಟು ಇಷ್ಟೇ.

ಪುಟ್ಟ ನಾಯಿಗಳಿಗೇ ಏಕೆ ಹೆಚ್ಚು?

ಆಳೆತ್ತರದ ಗ್ರೇಟ್ ಡೇನ್‌ಗೂ ತೊಡೆಯ ಮೇಲೆ ಕೂರುವ ಪುಟ್ಟ ನಾಯಿಗೂ ಇರುವ ಹಲ್ಲುಗಳು ಒಂದೇ ಲೆಕ್ಕ: 42. ದೊಡ್ಡ ದವಡೆಯಲ್ಲಿ ಅವಕ್ಕೆ ಜಾಗ ಧಾರಾಳ. ಪುಟ್ಟ ದವಡೆಯಲ್ಲಿ ರಶ್ ಅವರ್‌ನ ಬಿಎಂಟಿಸಿ ಬಸ್ಸಿನಂತೆ ಒತ್ತಿಕೊಂಡು, ಓರೆಯಾಗಿ ನಿಂತಿರುತ್ತವೆ. ಸಂದುಗೊಂದಿ ಹೆಚ್ಚಾದಷ್ಟೂ ಪಾಚಿಗೆ ಅನುಕೂಲ. ಹಾಲುಹಲ್ಲು ಬೀಳದೆ ಶಾಶ್ವತ ಹಲ್ಲಿನ ಪಕ್ಕದಲ್ಲೇ ಉಳಿದುಬಿಡುವುದೂ ಪುಟ್ಟ ತಳಿಗಳಲ್ಲಿ ಸಾಮಾನ್ಯ. ಪಗ್, ಶಿಹ್ ತ್ಸು, ಲಾಸಾ ಆಪ್ಸೊಗಳಂತಹ ಚಪ್ಪಟೆ ಮೂತಿಯ ತಳಿಗಳಲ್ಲಿ ಹಲ್ಲಿನ ಸಾಲೇ ತಿರುಚಿಕೊಂಡಿರುತ್ತದೆ.

ಆರ್‌.ಟಿ. ನಗರ, ಯಶವಂತಪುರದ ಹಳೆಯ ಮನೆಗಳಲ್ಲಿ ‘ಪಾಮ್’ ಎಂದು ಕರೆಸಿಕೊಳ್ಳುವ ಬಿಳಿ ನಾಯಿಗಳಲ್ಲಿ ಬಹಳಷ್ಟು ನಿಜಕ್ಕೂ ಪಾಮೇರಿಯನ್ ಅಲ್ಲ, ಇಂಡಿಯನ್ ಸ್ಪಿಟ್ಜ್. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿ ಕೂಡ ಇದೇ ತಳಿ. ಹೆಸರು ಯಾವುದೇ ಇರಲಿ, ಹಲ್ಲಿನ ಕಥೆ ಎರಡಕ್ಕೂ ಒಂದೇ.

ಪುಟ್ಟ ನಾಯಿಗೆ ಇನ್ನೊಂದು ಅಪಾಯವಿದೆ. ಕೆಳದವಡೆಯ ದೊಡ್ಡ ಹಲ್ಲಿನ ಬೇರು ಅದರ ದವಡೆ ಮೂಳೆಯ ಬಹುಪಾಲು ಆಳಕ್ಕೆ ಇಳಿದಿರುತ್ತದೆ. ಅದರ ಸುತ್ತಲಿನ ಮೂಳೆ ಸೋಂಕಿನಿಂದ ಕರಗಿದರೆ ಸೋಫಾದಿಂದ ಜಿಗಿದ ಪೆಟ್ಟಿಗೇ ದವಡೆ ಮುರಿಯಬಹುದು. ಮೇಲ್ದವಡೆಯ ಕೋರೆಹಲ್ಲಿನ ಬೇರಿಗೂ ಮೂಗಿಗೂ ನಡುವೆ ಇರುವುದು ತೆಳುವಾದ ಮೂಳೆ. ಅದು ಕರಗಿದರೆ ಬಾಯಿಂದ ಮೂಗಿಗೆ ತೂತು ಬೀಳುತ್ತದೆ. ಡ್ಯಾಶ್‌ಹುಂಡ್‌ಗಳಲ್ಲಿ ಇದು ಹೆಚ್ಚು. ಪದೇ ಪದೇ ಸೀನುವ, ಒಂದೇ ಹೊಳ್ಳೆಯಿಂದ ಸಿಂಬಳ ಸುರಿಸುವ ಮುದಿ ನಾಯಿಗೆ “ನೆಗಡಿ” ಎಂದು ಸುಮ್ಮನಾಗುವ ಮುನ್ನ ಅದರ ಹಲ್ಲು ನೋಡಿಸಬೇಕು.

ಎಲ್ಲ ವಾಸನೆಯೂ ಹಲ್ಲಿನದ್ದಲ್ಲ

ಹಲ್ಲು, ಒಸಡಿನ ಕಾಯಿಲೆಯೇ ಮೊದಲ ಅನುಮಾನ. ಆದರೂ ವಾಸನೆಯ ಬಗೆ ಬೇರೆ ಸುಳಿವು ಕೊಡಬಹುದು.

ಉಸಿರಿನಲ್ಲಿ ಮೂತ್ರದ, ಅಮೋನಿಯಾದ ವಾಸನೆ ಇದ್ದು, ನಾಯಿ ಹೆಚ್ಚು ನೀರು ಕುಡಿಯುತ್ತಾ ಸೊರಗುತ್ತಿದ್ದರೆ ಮೂತ್ರಪಿಂಡದ ತೊಂದರೆ ಇರಬಹುದು. ರಕ್ತದಲ್ಲಿ ಕ್ರಿಯಾಟಿನಿನ್ ಏರುವುದು ಮೂತ್ರಪಿಂಡದ ಸುಮಾರು ಮುಕ್ಕಾಲು ಪಾಲು ಶಕ್ತಿ ಕುಂದಿದ ಮೇಲೆ. ಹಾಗಾಗಿ ಇಲ್ಲಿ ತಡ ಮಾಡುವಂತಿಲ್ಲ. ಹಣ್ಣು ಕೊಳೆತಂತಹ ಸಿಹಿ ವಾಸನೆ, ಜೊತೆಗೆ ವಾಂತಿ, ಸುಸ್ತು ಇದ್ದರೆ ಅದು ಹತೋಟಿ ತಪ್ಪಿದ ಮಧುಮೇಹದ ಸೂಚನೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಬಾಯಿಯ ಒಂದೇ ಕಡೆ ಗಂಟು, ಕಪ್ಪು ಗಡ್ಡೆ, ನಿಲ್ಲದ ರಕ್ತ ಕಂಡರೆ ಬಾಯಿಯ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಮೀನಿನ ವಾಸನೆಯ ಕಥೆ ಬೇರೆಯೇ. ನಾಯಿಯ ಗುದದ ಇಕ್ಕೆಲಗಳಲ್ಲಿ ಎರಡು ಸಣ್ಣ ಚೀಲಗಳಿರುತ್ತವೆ. ಪುಟ್ಟ ನಾಯಿಗಳಲ್ಲಿ ಇವು ಕಟ್ಟಿಕೊಳ್ಳುವುದು ಸಾಮಾನ್ಯ. ನಾಯಿ ಆ ಜಾಗವನ್ನು ನೆಕ್ಕಿಕೊಂಡಾಗ ಅದರ ವಾಸನೆ ಬಾಯಿಗೂ ಹತ್ತುತ್ತದೆ. ನೆಲಕ್ಕೆ ಹಿಂಭಾಗ ಉಜ್ಜಿಕೊಂಡು ಹೋಗುತ್ತಿದ್ದರೆ ವೈದ್ಯರಿಗೆ ಅದನ್ನೂ ಹೇಳಿ.

ಬೆಂಗಳೂರಿನಲ್ಲಿ ನೆನಪಿಡಬೇಕಾದ ಇನ್ನೊಂದು ಕಾಯಿಲೆ ಉಣ್ಣೆ ಜ್ವರ. ನಾಯಿಯ ಉಣ್ಣೆಗಳು ಗೋಡೆಯ ಬಿರುಕು, ಗೂಡಿನ ಸಂದಿಗಳಲ್ಲಿ ಅಡಗಿ ಬದುಕುತ್ತವೆ, ಮನೆಯೊಳಗಿನ ನಾಯಿಯನ್ನೂ ಬಿಡುವುದಿಲ್ಲ. ಅವು ಹರಡುವ ಎರ್ಲಿಕಿಯೋಸಿಸ್‌ನಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿದು ಒಸಡಿನಿಂದ ರಕ್ತ ಬರಬಹುದು. ಹಲ್ಲಿನ ತೊಂದರೆ ಎಂದುಕೊಂಡು ಹೋದವರಿಗೆ ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುವುದುಂಟು. ಹಲ್ಲು ಕೀಳಿಸುವ ಮುನ್ನ ಪ್ಲೇಟ್‌ಲೆಟ್ ಎಣಿಕೆ ನೋಡುವುದು ಈ ಕಾರಣಕ್ಕೂ ಮುಖ್ಯ.

ಒಂದು ಎಚ್ಚರಿಕೆ. ರೇಬಿಸ್ ಲಸಿಕೆ ಆಗದ ನಾಯಿ ಇದ್ದಕ್ಕಿದ್ದಂತೆ ಜೊಲ್ಲು ಸುರಿಸತೊಡಗಿದರೆ, ಬಾಯಿ ಮುಚ್ಚಲಾಗದಿದ್ದರೆ, ನಡವಳಿಕೆ ಬದಲಾಗಿದ್ದರೆ “ಗಂಟಲಲ್ಲಿ ಮೂಳೆ ಸಿಕ್ಕಿರಬೇಕು” ಎಂದು ಬಾಯೊಳಗೆ ಕೈ ಹಾಕಬೇಡಿ. ದೂರವಿದ್ದು ಪಶುವೈದ್ಯರಿಗೆ ತಿಳಿಸಿ. ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ.

ನಾವು ಕೇಳುವ ಕೆಲವು ನಂಬಿಕೆಗಳು

*“ಚೆನ್ನಾಗಿ ತಿನ್ನುತ್ತಿದೆ, ಹಾಗಾಗಿ ನೋವಿಲ್ಲ.”* ನಾಯಿಗಳು ನೋವನ್ನು ತೋರಿಸಿಕೊಳ್ಳುವುದು ಕಡಿಮೆ. ಹಲ್ಲು ಅಲುಗಾಡುತ್ತಿದ್ದರೂ ಊಟ ಬಿಡುವುದಿಲ್ಲ, ತಿನ್ನುವ ರೀತಿಯನ್ನು ಬದಲಿಸಿಕೊಳ್ಳುತ್ತವೆ. ಒಂದೇ ಬದಿಯಲ್ಲಿ ಅಗಿಯುವುದು, ಕಾಳು ಬಾಯಿಂದ ಬೀಳಿಸುವುದು, ಬಿಸ್ಕತ್ತು ಬಿಟ್ಟು ಮೊಸರನ್ನಕ್ಕೆ ಕಾಯುವುದು, ಮೂತಿ ಮುಟ್ಟಿದರೆ ಗುರ್ ಎನ್ನುವುದು, ಇವೆಲ್ಲ ನೋವಿನ ಭಾಷೆ. “ವಯಸ್ಸಾಯ್ತು, ಸಿಡುಕು ಹೆಚ್ಚಾಗಿದೆ” ಎಂದುಕೊಂಡಿದ್ದ ನಾಯಿ ಹಲ್ಲಿನ ಚಿಕಿತ್ಸೆಯ ಬಳಿಕ ಮತ್ತೆ ಆಟಕ್ಕೆ ಇಳಿಯುವುದು ಅಪರೂಪವಲ್ಲ.

*“ಬೋರ್‌ವೆಲ್ ನೀರಿನಿಂದ ಹಲ್ಲಿಗೆ ಕಿಟ್ಟ ಕಟ್ಟುತ್ತೆ.”* ಯಲಹಂಕದ ಕಡೆ ಬೋರ್‌ವೆಲ್, ಟ್ಯಾಂಕರ್ ನೀರು ಬಳಸುವವರಿಗೆ ಬಕೆಟ್, ಗೀಸರ್‌ಗೆ ಬಿಳಿ ಪದರ ಕಟ್ಟುವುದು ದಿನನಿತ್ಯದ ಅನುಭವ. ನಾಯಿಯ ಹಲ್ಲಿಗೂ ಅದೇ ಆಗಿದೆ ಎಂದು ಊಹಿಸುವುದು ಸಹಜ. ಆದರೆ ಟಾರ್ಟರ್‌ನ ಖನಿಜ ಮುಖ್ಯವಾಗಿ ಬರುವುದು ಜೊಲ್ಲಿನಿಂದ. ಮೊದಲು ಬ್ಯಾಕ್ಟೀರಿಯಾಗಳ ಪದರ ಇರಬೇಕು, ಆಗ ಮಾತ್ರ ಅದು ಗಟ್ಟಿಯಾಗುವುದು. ಆರ್‌ಒ ನೀರು ಕುಡಿಸಿದ ಮಾತ್ರಕ್ಕೆ ಬಾಯಿ ಶುದ್ಧವಾಗದು.

*“ಮೂಳೆ ಕಡಿದರೆ ಹಲ್ಲು ತಾನೇ ಕ್ಲೀನ್ ಆಗುತ್ತೆ.”* ಗಟ್ಟಿ ಮೂಳೆ ಕಡಿಯುವಾಗ ಮೇಲ್ದವಡೆಯ ದೊಡ್ಡ ಹಲ್ಲು ಸೀಳುವುದು ಪಶುವೈದ್ಯರು ಆಗಾಗ ನೋಡುವ ಗಾಯ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚಬಹುದು. ಈಗಾಗಲೇ ಅಲುಗಾಡುವ ಹಲ್ಲಿರುವ ಮುದಿ ನಾಯಿಗಂತೂ ಮೂಳೆ ಬೇಡವೇ ಬೇಡ. ಯಾವುದೇ ಕಡಿಯುವ ವಸ್ತುವನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಮೂಡದಷ್ಟು ಗಟ್ಟಿಯಿದ್ದರೆ ಅದು ಹಲ್ಲಿಗೆ ಅಪಾಯ.

*“ನಮ್ಮ ಪೇಸ್ಟೇ ಸ್ವಲ್ಪ ಹಚ್ಚಿದರಾಯಿತು.”* ನಾಯಿಗೆ ಉಗುಳಲು ಬರುವುದಿಲ್ಲ, ಹಚ್ಚಿದ್ದನ್ನೆಲ್ಲ ನುಂಗುತ್ತದೆ. ನಮ್ಮ ಪೇಸ್ಟಿನ ಫ್ಲೋರೈಡ್, ನೊರೆ ಬರಿಸುವ ರಾಸಾಯನಿಕಗಳು ಹೊಟ್ಟೆಗೆ ಒಗ್ಗುವುದಿಲ್ಲ. ಕೆಲವು ಪೇಸ್ಟ್, ಮೌತ್‌ವಾಶ್, ಶುಗರ್‌ಲೆಸ್ ಚೂಯಿಂಗ್ ಗಮ್‌ಗಳಲ್ಲಿ ಇರುವ ಜೈಲಿಟಾಲ್ ನಾಯಿಗೆ ವಿಷ. ರಕ್ತದ ಸಕ್ಕರೆ ಹಠಾತ್ತನೆ ಕುಸಿಯುತ್ತದೆ, ಯಕೃತ್ತು ಹಾಳಾಗಬಹುದು. ಮೂರ್ನಾಲ್ಕು ಕಿಲೋ ತೂಗುವ ನಾಯಿಗೆ ಸ್ವಲ್ಪವೂ ಹೆಚ್ಚೇ.

*“ಲವಂಗದೆಣ್ಣೆ, ಬೆಳ್ಳುಳ್ಳಿ, ಉಪ್ಪು ಹಾಕಿ ನೋಡಿ.”* ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಲವಂಗದೆಣ್ಣೆ ಬಾಯಿಯ ಒಳಪೊರೆಯನ್ನು ಸುಡುತ್ತದೆ. ಉಪ್ಪು ಮುದಿ ಹೃದಯ, ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಪುದೀನ, ಕೊತ್ತಂಬರಿಯಿಂದ ವಾಸನೆ ಒಂದು ಗಳಿಗೆ ಮುಚ್ಚಬಹುದು, ಒಸಡಿನ ಕೆಳಗಿನ ಸೋಂಕಿಗೆ ಏನೂ ಆಗುವುದಿಲ್ಲ. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೇನ್ ಮಾತ್ರೆ ಕೊಡುವುದು ಇನ್ನೂ ಅಪಾಯ, ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

*“ಐದು ದಿನ ಆಂಟಿಬಯಾಟಿಕ್ ಕೊಟ್ಟರೆ ಸಾಕು.”* ಮಾತ್ರೆ ತಿನ್ನುವಾಗ ವಾಸನೆ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಮರಳುತ್ತದೆ. ಬ್ಯಾಕ್ಟೀರಿಯಾಗಳು ಟಾರ್ಟರ್‌ನ ಅಡಿಯಲ್ಲಿ ಪದರ ಕಟ್ಟಿಕೊಂಡು ಕುಳಿತಿರುವಾಗ ಔಷಧ ಅಲ್ಲಿಗೆ ಸರಿಯಾಗಿ ತಲುಪದು. ಪದೇ ಪದೇ ಕೊಟ್ಟರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನಾವೇ ಬೆಳೆಸಿದಂತೆ.

ಅರಿವಳಿಕೆಯ ಭಯ

ಈಗ ಕಷ್ಟದ ಪ್ರಶ್ನೆ. ಟಾರ್ಟರ್ ಒಮ್ಮೆ ಕಟ್ಟಿ ಒಸಡು ಕೆಟ್ಟ ಮೇಲೆ ಅದಕ್ಕಿರುವ ಸರಿಯಾದ ಚಿಕಿತ್ಸೆ ಸ್ಕೇಲಿಂಗ್, ಬೇಕಾದ ಕಡೆ ಹಲ್ಲು ಕೀಳುವುದು. ಅದಕ್ಕೆ ಪೂರ್ಣ ಅರಿವಳಿಕೆ ಬೇಕು. “ಹನ್ನೆರಡು ವರ್ಷದ ಜೀವ, ಎಚ್ಚರ ಆಗದೇ ಹೋದರೆ?” ಎಂಬ ಭಯ ಬರುವುದು ಸಹಜ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ.

ಅಂಕಿಅಂಶ ನೋಡೋಣ. ಬ್ರಿಟನ್ನಿನಲ್ಲಿ ಸುಮಾರು 98 ಸಾವಿರ ನಾಯಿಗಳನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರಿವಳಿಕೆಗೆ ಸಂಬಂಧಿಸಿದ ಸಾವು ಒಟ್ಟಾರೆ ಶೇ. 0.17. ಆರೋಗ್ಯವಂತ ನಾಯಿಗಳಲ್ಲಿ ಶೇ. 0.05, ಅಂದರೆ ಎರಡು ಸಾವಿರಕ್ಕೆ ಒಂದು. ಆಗಲೇ ಕಾಯಿಲೆ ಇದ್ದ ನಾಯಿಗಳಲ್ಲಿ ಶೇ. 1.33, ಅಂದರೆ 75ಕ್ಕೆ ಒಂದು. ಇದು ಅಲ್ಲಿನ ಲೆಕ್ಕ. ಸಲಕರಣೆ, ತರಬೇತಿ ಎಲ್ಲ ಕಡೆ ಒಂದೇ ಆಗಿರುವುದಿಲ್ಲವಾದ್ದರಿಂದ ಅದನ್ನು ಹಾಗೇ ನಮ್ಮ ಪ್ರತಿ ಕ್ಲಿನಿಕ್‌ಗೂ ಅನ್ವಯಿಸಲಾಗದು. ಆದರೆ ಒಂದು ಪಾಠ ಎಲ್ಲ ಕಡೆಗೂ ಹೊಂದುತ್ತದೆ: ಒಳಗಿನ ಕಾಯಿಲೆ ಅಪಾಯವನ್ನು ಬಹಳ ಪಟ್ಟು ಹೆಚ್ಚಿಸುತ್ತದೆ. ಆದ್ದರಿಂದ ಅರಿವಳಿಕೆಗೆ ಮುನ್ನ ಆ ಕಾಯಿಲೆಯನ್ನು ಹುಡುಕಬೇಕು. ಮುಪ್ಪಿನಲ್ಲಿ ಕಾಯಿಲೆ ಹೆಚ್ಚು, ನಿಜ. ಹಾಗೆಂದು ಹನ್ನೆರಡು ವರ್ಷ ಎಂಬ ಅಂಕಿಯನ್ನಷ್ಟೇ ನೋಡಿ ಬೇಡ ಎನ್ನುವುದು ಸರಿಯಲ್ಲ.

ಹಾಗಾಗಿ ವೈದ್ಯರನ್ನು ಹೀಗೆ ಕೇಳಿ. ಮೊದಲು ರಕ್ತಪರೀಕ್ಷೆ, ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ ಮಾಡುತ್ತೀರಾ? ಹೃದಯದಲ್ಲಿ ಮರ್ಮರ ಕೇಳಿಸಿದರೆ ಎಕ್ಸ್‌ರೇ ಅಥವಾ ಎಕೋ ಮಾಡಿಸಬೇಕಾ? ಶ್ವಾಸನಾಳಕ್ಕೆ ಟ್ಯೂಬ್ ಹಾಕುತ್ತೀರಾ? ಸ್ಕೇಲಿಂಗ್‌ನ ನೀರು, ಕೊಳೆ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವುದು ಆ ಟ್ಯೂಬೇ. ಡ್ರಿಪ್ ಇರುತ್ತದಾ? ಉಸಿರು, ಆಮ್ಲಜನಕ, ರಕ್ತದೊತ್ತಡ ನೋಡಿಕೊಳ್ಳಲು ಬೇರೊಬ್ಬರು ಇರುತ್ತಾರಾ? ಪುಟ್ಟ ದೇಹ ಬೇಗ ತಣ್ಣಗಾಗುತ್ತದೆ, ಬೆಚ್ಚಗಿಡಲು ಏನು ವ್ಯವಸ್ಥೆ? ಎಷ್ಟು ಹೊತ್ತು ಉಪವಾಸ ಇಡಬೇಕು? ಪಗ್, ಶಿಹ್ ತ್ಸು ಆದರೆ ಎಚ್ಚರವಾಗುವ ಹೊತ್ತಿನಲ್ಲಿ ಉಸಿರಾಟದ ಮೇಲೆ ಹೆಚ್ಚು ನಿಗಾ ಬೇಕು. ಇವಕ್ಕೆ ಸಮಾಧಾನವಾಗಿ ಉತ್ತರಿಸುವ ವೈದ್ಯರ ಬಳಿಗೆ ಹೋಗಿ.

“ಅರಿವಳಿಕೆಯೇ ಬೇಡ, ಎಚ್ಚರವಿರುವಾಗಲೇ ಕ್ಲೀನ್ ಮಾಡುತ್ತೇವೆ” ಎನ್ನುವ ಗ್ರೂಮಿಂಗ್ ಸೇವೆ ಕೇಳಲು ಹಿತವಾಗಿರುತ್ತದೆ. ಆದರೆ ಅದರಲ್ಲಿ ಸ್ವಚ್ಛವಾಗುವುದು ಕಣ್ಣಿಗೆ ಕಾಣುವ ಭಾಗ ಮಾತ್ರ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಒಸಡಿನ ಒಳಗಿರುತ್ತದೆ, ಕಾಯಿಲೆಯೂ ಅಲ್ಲೇ ಇರುತ್ತದೆ. ಹಲ್ಲು ಬೆಳ್ಳಗಾಯಿತೆಂದು ನಾವು ನಿಶ್ಚಿಂತರಾಗುತ್ತೇವೆ, ಒಳಗೆ ಮೂಳೆ ಕರಗುತ್ತಲೇ ಇರುತ್ತದೆ. ಸಾಕುಪ್ರಾಣಿ ವೈದ್ಯರ ಜಾಗತಿಕ ಒಕ್ಕೂಟದ ದಂತ ಮಾರ್ಗಸೂಚಿ ಈ ಪದ್ಧತಿಯನ್ನು ಒಪ್ಪುವುದಿಲ್ಲ.

“ಹಲ್ಲೆಲ್ಲ ಕಿತ್ತರೆ ಹೇಗೆ ತಿನ್ನುತ್ತದೆ?” ಎಂದು ಕೇಳುವವರಿದ್ದಾರೆ. ನಾಯಿ ನಮ್ಮಂತೆ ಅರೆದು ತಿನ್ನುವ ಪ್ರಾಣಿಯಲ್ಲ, ಹರಿದು ನುಂಗುತ್ತದೆ. ಒಂದೆರಡು ವಾರ ಮೆತ್ತನೆಯ ಊಟ ಕೊಟ್ಟರೆ ಗಾಯ ಮಾಯುತ್ತದೆ. ಆಮೇಲೆ ಹಲ್ಲಿಲ್ಲದ ಬಾಯಿಯಲ್ಲೂ ಸೊಗಸಾಗಿ ಉಣ್ಣುತ್ತದೆ. ಕೊಳೆತ ಹಲ್ಲಿಗಿಂತ ಹಲ್ಲಿಲ್ಲದ ಬಾಯಿ ಎಷ್ಟೋ ಮೇಲು.

ಕೆಲವೊಮ್ಮೆ ಚಿಕಿತ್ಸೆ ಬೇಡ ಎನ್ನುವುದೇ ಸರಿಯಾದ ತೀರ್ಮಾನ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಕೊನೆಯ ಹಂತದಲ್ಲಿದ್ದರೆ ವೈದ್ಯರು ನೋವು ನಿವಾರಕ, ಮೆತ್ತನೆಯ ಆಹಾರ, ನಾಯಿಗಳಿಗೆಂದೇ ಇರುವ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದಷ್ಟೇ ನಿಭಾಯಿಸಲು ಹೇಳಬಹುದು. ಅಂದಹಾಗೆ, ಒಸಡಿನ ಕಾಯಿಲೆ ಇರುವ ನಾಯಿಗಳಲ್ಲಿ ಹೃದಯ, ಮೂತ್ರಪಿಂಡದ ತೊಂದರೆ ಹೆಚ್ಚು ಕಾಣುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಎರಡೂ ಒಟ್ಟಿಗೆ ಕಾಣುತ್ತವೆ ಎಂದರೆ ಒಂದರಿಂದಲೇ ಇನ್ನೊಂದು ಬಂತು ಎಂದು ಸಾಬೀತಾದಂತೆ ಅಲ್ಲ. ಚಿಕಿತ್ಸೆ ಕೊಡಿಸಲು ಆ ಭಯವೇ ಬೇಕಿಲ್ಲ, ನೋವು ಸಾಕಷ್ಟು ಕಾರಣ.

ಬೆಂಗಳೂರು ಉತ್ತರದವರಿಗೆ ಒಂದು ಅನುಕೂಲವಿದೆ. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಬಳ್ಳಾರಿ ರಸ್ತೆಯ ಹೆಬ್ಬಾಳದಲ್ಲಿದೆ. ಅದರ ಬೋಧನಾ ಆಸ್ಪತ್ರೆಗೆ ಸಾಕುನಾಯಿಗಳನ್ನು ಕರೆದೊಯ್ಯಬಹುದು. ಬಡಾವಣೆಯ ವೈದ್ಯರಿಗೆ ಅನುಮಾನವಿರುವ ಪ್ರಕರಣಗಳಲ್ಲಿ, ಇನ್ನೊಂದು ಅಭಿಪ್ರಾಯ ಬೇಕೆನಿಸಿದಾಗ ಅಲ್ಲಿ ವಿಚಾರಿಸಬಹುದು.

ಮನೆಯಲ್ಲಿ ಏನು ಮಾಡಬಹುದು?

ಒಸಡು ಕೆಂಪಾಗಿ ನೋಯುತ್ತಿರುವಾಗ ಬ್ರಷ್ ಶುರು ಮಾಡಬೇಡಿ. ನಾಯಿಗೆ ಬ್ರಷ್ ಎಂದರೆ ನೋವು ಎಂದಾಗಿಬಿಡುತ್ತದೆ. ಮೊದಲು ಚಿಕಿತ್ಸೆ, ಬಾಯಿ ಮಾಯ್ದ ಮೇಲೆ ಅಭ್ಯಾಸ.

ಮೊದಲ ವಾರ ತುಟಿ ಎತ್ತಿ ಬೆರಳಿನಿಂದ ಒಸಡು ಸವರಿ, ಕೂಡಲೇ ಏನಾದರೂ ತಿನ್ನಲು ಕೊಡಿ. ಎರಡನೇ ವಾರ ಬೆರಳಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಕೋರೆಹಲ್ಲನ್ನು ಉಜ್ಜಿ. ಆಮೇಲೆ ಮಕ್ಕಳ ಮೆದು ಬ್ರಷ್, ನಾಯಿಗಳಿಗೆಂದೇ ತಯಾರಾದ ಪೇಸ್ಟ್. ಬಾಯಿ ತೆರೆಸಬೇಕಿಲ್ಲ. ತುಟಿಯ ಪಕ್ಕದಿಂದ ಬ್ರಷ್ ಒಳಗೆ ಜಾರಿಸಿ, ಒಸಡಿನ ಅಂಚಿನ ಕಡೆಗೆ ಓರೆಯಾಗಿ ಹಿಡಿದು, ಹಲ್ಲಿನ ಹೊರಬದಿಯನ್ನು ಉಜ್ಜಿದರೆ ಸಾಕು. ಹಿಂದಿನ ದೊಡ್ಡ ಹಲ್ಲುಗಳೇ ಮುಖ್ಯ. ಒಂದು ನಿಮಿಷ ಸಾಕು, ಆದರೆ ದಿನವೂ ಆಗಬೇಕು. ಪಾಚಿ ಗಟ್ಟಿಯಾಗಲು ಎರಡು ಮೂರು ದಿನ ಸಾಕಾದ್ದರಿಂದ ಭಾನುವಾರಕ್ಕೊಮ್ಮೆ ಉಜ್ಜುವುದರಿಂದ ಹೆಚ್ಚು ಲಾಭವಿಲ್ಲ.

ಕಾಳಿನಂತಹ ಒಣ ಆಹಾರ ಹಲ್ಲನ್ನು ತಿಕ್ಕುತ್ತದೆ ಎಂಬುದು ಅರ್ಧಸತ್ಯ. ಸಾಮಾನ್ಯ ಕಾಳು ಹಲ್ಲು ತಾಗಿದೊಡನೆ ಪುಡಿಯಾಗುತ್ತದೆ. ಹಲ್ಲಿಗೆಂದೇ ರೂಪಿಸಿದ ಆಹಾರ, ಚ್ಯೂಗಳಲ್ಲಿ ಕೆಲವಕ್ಕೆ ಪರಿಣಾಮ ಇದೆ. ಕೊಳ್ಳುವಾಗ ವೆಟರಿನರಿ ಓರಲ್ ಹೆಲ್ತ್ ಕೌನ್ಸಿಲ್‌ನ ಮುದ್ರೆ ಇದೆಯೇ ನೋಡಿ. ಪರೀಕ್ಷೆಯ ಫಲಿತಾಂಶ ಪರಿಶೀಲಿಸಿದ ಮೇಲೆ ಕೊಡುವ ಮುದ್ರೆ ಅದು. ಹಾಲು, ಮೊಸರನ್ನ, ಮಾರಿ ಬಿಸ್ಕತ್ತಿನಂತಹ ಮೆತ್ತನೆಯ ಅಂಟು ತಿನಿಸುಗಳನ್ನು ಪೂರ್ತಿ ಬಿಡಬೇಕಿಲ್ಲ. ದಿನವಿಡೀ ಚೂರುಪಾರು ಕೊಡುತ್ತಿರುವುದನ್ನು ಕಡಿಮೆ ಮಾಡಿ.

ಇಂದು ರಾತ್ರಿಯೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ನಾಯಿ ಶಾಂತವಾಗಿರುವಾಗ ಮೊಬೈಲ್ ಟಾರ್ಚ್ ಹಾಕಿ ಅದರ ಮೇಲ್ದುಟಿಯನ್ನು ಮೆಲ್ಲನೆ ಪಕ್ಕಕ್ಕೆ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಕೆಂಪು ಗೆರೆ, ಹಿಂದಿನ ಹಲ್ಲಿನ ಮೇಲೆ ಕಂದು ಪದರ, ಕೀವು, ಕಣ್ಣಿನ ಕೆಳಗೆ ಊತ, ಇವುಗಳಲ್ಲಿ ಯಾವುದೇ ಕಂಡರೂ ಒಂದು ಫೋಟೋ ತೆಗೆದು ಈ ವಾರವೇ ವೈದ್ಯರ ಬಳಿ ಹೋಗಿ. ಮುಟ್ಟಲು ಬಿಡದಿದ್ದರೆ ಬಲವಂತ ಬೇಡ, ಅದನ್ನೇ ವೈದ್ಯರಿಗೆ ಹೇಳಿ. ಚಿಕಿತ್ಸೆಯಾದ ಮೇಲೆ ವಾಸನೆ ಇಳಿಯುತ್ತದೆ, ನಾಯಿಗೂ ಬಾಲ್ಕನಿಯಿಂದ ತನ್ನ ಹಳೆಯ ಜಾಗಕ್ಕೆ ಮರಳಲು ಅಡ್ಡಿಯಿರುವುದಿಲ್ಲ.